ಹಣೆ ನೋಡುತ್ತಿದ್ದ ವಸುಧಾ ಟೀಚರ್

ವಸುಧಾ ಟೀಚರ್ ಮಾತಾಡುವಾಗ ಎದುರಿನವರ ಕಣ್ಣು ನೋಡುತ್ತಿರಲಿಲ್ಲ, ಹಣೆ ನೋಡುತ್ತಿದ್ದರು. ಮೂಳೆಯ ಹಿಂದೆ ಏನೋ ಅಲ್ಲಾಡುವುದು ಅವರಿಗೆ ಕಾಣುತ್ತಿದೆಯೇನೋ ಎನಿಸಿ ನನ್ನ ಕೈ ತಾನಾಗಿಯೇ ಹಣೆಗೆ ಹೋಗುತ್ತಿತ್ತು.

ಎರಡು ಸಾವಿರದ ಐದಾರರ ಮಾತು. ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಮೈಸೂರಿನವರು, ಒಂಟಿ ಜೀವ. ಹರ್ಲಿಂಗ್‌ಹ್ಯಾಮಿನ ಶಾಲೆಯಲ್ಲಿ ನನ್ನ ಮಗಳು ದಿವ್ಯಾಗೆ ವಿಜ್ಞಾನ ಕಲಿಸುತ್ತಿದ್ದರು. ಮೆದುಳಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಅದರಂತೆಯೇ ಪಾಠ ಮಾಡುವ ಹಟ. ಕಲಿಸಿದ್ದನ್ನು ಮಕ್ಕಳು ಅರ್ಧ ಮರೆಯಲು ಬಿಟ್ಟು, ಒಂದು ದಿನ ಪುಸ್ತಕ ಮುಚ್ಚಿಸಿ ಪ್ರಶ್ನೆ ಕೇಳುವರು. ಆಮೇಲೆ ಕಾಯುವರು.

"ಇಟ್ಸ್ ಸೋ ಕ್ವಯಟ್, ಅಪ್ಪಾ. ಶೀ ಜಸ್ಟ್ ವೇಟ್ಸ್," ಎನ್ನುತ್ತಿದ್ದಳು ದಿವ್ಯಾ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸೋಪಿನ ಕಾರ್ಖಾನೆಯ ಬಾಯ್ಲರನ್ನು ಸದ್ದು ಕೇಳಿಯೇ ನಡೆಸುತ್ತಿದ್ದೆ. ಹೊಸ ಮ್ಯಾನೇಜರು ಬಂದು, ಮೌಖಿಕ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತರದಿದ್ದರೆ ಬಾಯ್ಲರ್ ಬೇರೆಯವರ ಕೈಗೆ ಎಂದರು. ಪುಸ್ತಕ ಹಿಡಿದು ಗಟ್ಟಿಯಾಗಿ ಉರು ಹೊಡೆಯತೊಡಗಿದೆ. ಕಾಂಪೌಂಡಿನ ಆಚೆಯಿಂದ ಟೀಚರ್ ಕೇಳಿಸಿಕೊಂಡರು.

"ರೀ ಮಾದೇವಪ್ಪ, ಅದು ನಿಮ್ಮ ಬಾಯಲ್ಲಿದೆ, ತಲೇಲಿಲ್ಲ."

"ಈ ವಯಸ್ಸಲ್ಲಿ ತಲೆಗೆ ಎಲ್ಲಿ ಹತ್ತುತ್ತೆ ಟೀಚರ್? ತುಕ್ಕು ಹಿಡಿದಿದೆ."

"ಅದು ನಿಮ್ಮ ಪೈಪಿಗೆ. ಉತ್ತರ ಹುಡುಕ್ತಾ ಹೋದ್ರೆ ಮೆದುಳೊಳಗೆ ಈಗಲೂ ಹೊಸ ದಾರಿ ಬೀಳುತ್ತೆ. ನಾನೇ ಉತ್ತರ ಹೇಳಿಬಿಟ್ರೆ ಆ ದಾರೀಲಿ ನೀವು ನಡೆಯೋದೇ ಇಲ್ಲ."

ಅಂದಿನಿಂದ ತರಕಾರಿ ಅಂಗಡಿಯಲ್ಲಿ, ಜನ ತುಂಬಿದ ಮಟಾಟು ವ್ಯಾನಿನ ಹಿಂದಿನ ಸೀಟಿನಿಂದ, ಸರಿಯಾಗಿ ನಾನು ಮರೆಯುವ ಹೊತ್ತಿಗೇ ಪ್ರಶ್ನೆ ಬರುತ್ತಿತ್ತು. ಆ ಹೊತ್ತು ಅವರಿಗೆ ಹೇಗೆ ತಿಳಿಯುತ್ತಿತ್ತೋ.

ಕೊನೆಯ ಭಾನುವಾರ ಕೇಳಿದರು: "ಬಾಯ್ಲರಿನ ಗಾಜಿನ ಕೊಳವೇಲಿ ನೀರಿನ ಮಟ್ಟ ಕಾಣದೇ ಹೋದ್ರೆ ಮೊದಲು ಏನು ಮಾಡ್ತೀರಿ?"

"ನೀರು ಬಿಡ್ತೀನಿ. ಆದ್ರೆ ಈ ಮಾದೇವಪ್ಪನ ಬಾಯ್ಲರಲ್ಲಿ ನೀರು ಖಾಲಿ ಆಗಿದ್ದೇ ಇಲ್ಲ."

"ಜಂಬ ಆಮೇಲೆ. ನೀರು ಬಿಟ್ರೆ ಬಾಯ್ಲರೂ ಇರಲ್ಲ, ನೀವೂ ಇರಲ್ಲ." ನನ್ನ ಪುಸ್ತಕವನ್ನೇ ಕಿತ್ತುಕೊಂಡರು. "ಯಾರನ್ನೂ ಕೇಳಬೇಡಿ. ಗುರುವಾರ ಕೇಳ್ತೀನಿ."

"ಗುರುವಾರ ನನ್ನ ಪರೀಕ್ಷೆ ಟೀಚರ್."

"ಗೊತ್ತು. ಅವತ್ತೇ ಕೇಳ್ತೀನಿ."

ಮಂಗಳವಾರ ಬೆಳಿಗ್ಗೆ ಮಟಾಟುವಿಗೆ ಕಾಯುತ್ತಿದ್ದ ಟೀಚರ್ ಕುಸಿದುಬಿದ್ದರು. ಮತ್ತೆ ಏಳಲಿಲ್ಲ. ಬುಧವಾರ ದಹನ ಮುಗಿಸಿ ಬಂದೆವು. ಬೀಗ ಹಾಕಿದ ಆ ಮನೆಯೊಳಗೇ ನನ್ನ ಪುಸ್ತಕ ಉಳಿಯಿತು.

ಪರೀಕ್ಷೆ ಮಾಡಿದವರು ಕೀನ್ಯಾದ ಒಬ್ಬ ವಯಸ್ಸಾದ ಎಂಜಿನಿಯರು. ಸುಲಭದವನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟರು. ಕೊಳವೆಯಲ್ಲಿ ನೀರು ಕಾಣದಿದ್ದರೆ ಮೊದಲು ಏನು ಮಾಡುವೆ ಎಂದು ಇಂಗ್ಲಿಷಿನಲ್ಲಿ ಕೇಳಿ, ಕಾದರು. ತಲೆಯೆತ್ತಿದೆ. ಅವರು ನನ್ನ ಹಣೆ ನೋಡುತ್ತಿದ್ದರು.

ಹೊರಗಿನ ರಸ್ತೆಯ ಗದ್ದಲ ಅಡಗಿತು. ನೀರಿನ ವಾಲ್ವು ತಿರುಗಿಸುವಂತೆ ನನ್ನ ಕೈ ಮೇಜಿನ ಮೇಲೆ ಹೊರಳಿ, ನಿಂತಿತು. ಹಣೆಯ ಹಿಂದೆ ಯಾರೋ ನಡೆದುಹೋದಂತಾಯಿತು. ಚಿಕ್ಕಂದಿನಲ್ಲಿ ಲಾಟೀನಿನ ಕಾದ ಗಾಜಿಗೆ ಒಂದು ಹನಿ ನೀರು ಸಿಡಿದು, ಗಾಜು ಚಟ್ಟನೆ ಒಡೆದದ್ದು ಕಂಡಿತು.

"ಮೊದಲು ಬೆಂಕಿ ಆರಿಸ್ತೀನಿ ಟೀಚರ್. ನೀರು ಬಿಡಲ್ಲ," ಎಂದೆ, ಕನ್ನಡದಲ್ಲೇ. ಆಮೇಲೆ ಎಚ್ಚೆತ್ತು ಇಂಗ್ಲಿಷಿನಲ್ಲಿ ಹೇಳಿದೆ.

ಅವರು ಸರಿ ಎಂದು ಗುರುತು ಹಾಕಿದರು. ನಂತರ ನನ್ನ ಭುಜದಾಚೆ, ಬರುವಾಗ ನಾನೇ ಮುಚ್ಚಿದ್ದ ಬಾಗಿಲ ಕಡೆ ನೋಡಿ, ಅಲ್ಲಿ ನಿಂತವರನ್ನು ಒಳಗೆ ಕರೆಯುವ ಹಾಗೆ ಸ್ವಾಹಿಲಿಯಲ್ಲಿ ಮೆಲ್ಲಗೆ "ಕರಿಬು", ಬನ್ನಿ, ಎಂದರು.

ನಾನು ತಿರುಗಿ ನೋಡಲಿಲ್ಲ.