ಅರ್ಧ ಕಟ್ಟಿದ ಕುಚ್ಚು

ಮೊನ್ನೆ ಬೀರು ತೆರೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೇ ಆ ನೇರಳೆ ರೇಷ್ಮೆ ಸೀರೆ ಕೈಗೆ ಬಂತು. ಸೆರಗಿನ ಅರ್ಧಕ್ಕೆ ಮಾತ್ರ ಕುಚ್ಚು ಇದೆ. ಉಳಿದರ್ಧದ ಎಳೆಗಳು ಬಿಚ್ಚಿಕೊಂಡು ಹಾಗೇ ಜೋಲಾಡುತ್ತಿವೆ... ಓನರ್ ಆಂಟಿ ನೆನಪಾದರು.

ಎರಡು ಸಾವಿರದ ಇಸವಿಯ ಈಚಿನ ಮಾತು. ಧಾರವಾಡದಿಂದ ಬಂದು ಒಂದು ಲ್ಯಾಬ್‌ನಲ್ಲಿ ಕೆಲಸಕ್ಕಿದ್ದ ನಾನು ಅರೆಕೆರೆಯಲ್ಲಿ ಅವರ ಮಹಡಿಯ ಮೇಲೆ ಬಾಡಿಗೆಗಿದ್ದೆ. ಒಂದು ಕಾಲಕ್ಕೆ ತಾವು ರಾಗಿ ಬೆಳೆದ ಜಾಗದಲ್ಲೇ ಮನೆ ಕಟ್ಟಿಸಿದ್ದರು. ಬಾಡಿಗೆ ಬರುತ್ತಿದ್ದರೂ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಬೀದಿಯವರ ಸೀರೆಗಳಿಗೆಲ್ಲ ಕುಚ್ಚು ಕಟ್ಟುತ್ತ, ಜೊತೆಗೆ ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುತ್ತ ಇರುತ್ತಿದ್ದರು.

ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಪ್ರಶ್ನೆಗಳೂ ಹೆಚ್ಚಾದವು. ಒಂದು ಸಂಜೆ, ಲ್ಯಾಬ್‌ನಲ್ಲಿ ನಾನು ಓದುತ್ತಿದ್ದ ಟೆಲೊಮರೇಸ್ ಲಸಿಕೆಯ ವಿಷಯ ಹೇಳಿದೆ.

"ಕಾಯಿಲೆ ಬಂದ್ಮೇಲೆ ಲಸಿಕೆ ಏನಮ್ಮ? ಪೋಲಿಯೋ ಹನಿ ಮುಂಚೇನೇ ಹಾಕ್ತಾರಲ್ಲ?"

ಅವರ ಕೈಯಲ್ಲಿದ್ದ ಸೆರಗನ್ನೇ ತೋರಿಸಿದೆ. ಜೀವಕೋಶ ಒಂದು ಎರಡಾದಾಗಲೆಲ್ಲ ಅದರೊಳಗಿನ ಡಿಎನ್‌ಎ ಎಳೆಯ ತುದಿ ಚೂರು ಸವೆಯುತ್ತದೆ, ತೀರಾ ಸವೆದರೆ ಮತ್ತೆ ಎರಡಾಗುವುದಿಲ್ಲ. ಕ್ಯಾನ್ಸರ್ ಕೋಶ ಮಾತ್ರ ಟೆಲೊಮರೇಸ್ ಎಂಬ ಕಿಣ್ವ ಇಟ್ಟುಕೊಂಡು ತುದಿಯನ್ನು ಸರಿಮಾಡಿಕೊಳ್ಳುತ್ತಲೇ ಇರುತ್ತದೆ. ಆ ಟೆಲೊಮರೇಸ್‌ನ ಗುರುತು ಹಿಡಿದು ಹೊಡೆಯಲು ನಮ್ಮ ಮೈಗೇ ಕಲಿಸುವುದು ಈ ಲಸಿಕೆ.

"ಅಂದ್ರೆ ಆ ಮುಂಡೇದು ತನ್ನ ಕುಚ್ಚು ತಾನೇ ಕಟ್ಕೊಳ್ಳುತ್ತೆ!" ಆಂಟಿ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಯಾವಾಗ ಬರುತ್ತೆ? ಅದು ಬರೋದಾದ್ರೆ ಈ ಕೀಮೋ ಬೇಡ ಕಣಮ್ಮ. ವಾಂತಿ ಮಾಡಿ ಮಾಡಿ ಸಾಕಾಗಿದೆ."

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಇನ್ನೂ ಟೆಸ್ಟ್ ನಡದಾವ್ರಿ ಆಂಟಿ. ಕೆಲಸ ಮಾಡ್ತದೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಕೀಮೋ ಬಿಡಬ್ಯಾಡ್ರಿ."

ಆಂಟಿ ಕುಚ್ಚು ಕಟ್ಟುತ್ತಿದ್ದುದು ನನ್ನದೇ ಸೀರೆಗೆ. ಅರ್ಧಕ್ಕೇ ಮಡಚಿ ನನ್ನ ಮಡಿಲಿಗೆ ಹಾಕಿದರು.

"ಹೋಗ್ತೀನಿ ಬಿಡು ಕೀಮೋಗೆ. ಇದನ್ನ ಇಟ್ಕೊಂಡಿರು. ನಿನ್ನ ಇಂಜೆಕ್ಷನ್ ಬಂದ ದಿನ ತಗೊಂಡ್ಬಾ, ಮಿಕ್ಕಿದ್ದು ಕಟ್ಕೊಡ್ತೀನಿ."

ಕೀಮೋಗೆ ಹೋದರು. ಆ ವರ್ಷದ ದೀಪಾವಳಿಗೆ ಮನೆ ಮುಂದೆ ತಾವೇ ದೀಪ ಹಚ್ಚಿಟ್ಟರು. ಮುಂದಿನ ದೀಪಾವಳಿಗೆ ಅವರಿರಲಿಲ್ಲ.

ಆಮೇಲೆ ಈ ಲಸಿಕೆಗಳ ಸುದ್ದಿ ಎಲ್ಲಿ ಕಂಡರೂ ಬಿಡದೆ ಓದಿದ್ದೇನೆ. ಕೆಲವು ಆಸೆ ಹುಟ್ಟಿಸಿದವು, ಕೆಲವು ಕೈಕೊಟ್ಟವು, ಪ್ರಯೋಗಗಳಂತೂ ನಡೆಯುತ್ತಲೇ ಇವೆ. ಈ ಸೀರೆ ಜಯನಗರದಲ್ಲಿ ಕೊಟ್ಟರೆ ಒಂದೇ ದಿನದಲ್ಲಿ ಕುಚ್ಚು ಹಾಕಿಕೊಡುತ್ತಾರೆ ಅಂತ ಮಗಳು ಹೇಳುತ್ತಾಳೆ. ನನಗೆ ಮನಸ್ಸು ಒಪ್ಪುವುದಿಲ್ಲ. ಜೋಲುವ ಎಳೆಗಳನ್ನು ಒಳಗೆ ಸೇರಿಸಿ, ಸೀರೆ ಮಡಚಿ ಇದ್ದಲ್ಲೇ ಇಟ್ಟೆ.

ಇನ್ನೂ ಬಂದಿಲ್ಲ ಆಂಟಿ...