ಭಾವನ ಉಣುಗಿನ ಎಣ್ಣೆ

ಕಳೆದ ಭಾನುವಾರ ನಾನು ಅಕ್ಕನಿಗೆ ಬೈದೆ. ಗಂಡ ತೀರಿಹೋಗಿ ಇನ್ನೂ ವರ್ಷ ತುಂಬದ ಅಕ್ಕನಿಗೆ.

ಬೈದದ್ದು ಒಂದು ಹಸುವಿನ ವಿಷಯಕ್ಕೆ. ಅದು ನಿಮಗೆ ಅರ್ಥವಾಗಬೇಕಾದರೆ ಮೊದಲು ಭಾವನ ಬಗ್ಗೆ ಹೇಳಬೇಕು.

ಭಾವ ಭದ್ರಾವತಿಯ ಓಲ್ಡ್ ಟೌನ್‌ನವರು. ಕಾರ್ಖಾನೆಯಿಂದ ರಿಟೈರ್ ಆದ ಮೇಲೆ ಜೊತೆಯವರೆಲ್ಲ ವಾಕಿಂಗ್, ಯೋಗ ಅಂತ ಹೊರಟರೆ ಇವರು ಒಂದು ಹಸು ತಂದು ಹಿತ್ತಲಲ್ಲಿ ಕಟ್ಟಿದರು. ಹೆಸರು ಚಂದ್ರಿ. (ಅವರು ಅಕ್ಕನನ್ನು ಹೆಸರು ಹಿಡಿದು ಕರೆದದ್ದು ನಾನಂತೂ ಕೇಳಿಲ್ಲ. ಚಂದ್ರಿಯ ಹೆಸರು ಮಾತ್ರ ಇಡೀ ಬೀದಿಗೆ ಕೇಳುತ್ತಿತ್ತು.) ಅದಕ್ಕೆ ಮೆತ್ತಗೆ ಹಾಸಬೇಕೆಂದು ವಾರಕ್ಕೊಮ್ಮೆ ಮೊಪೆಡ್ ಹತ್ತಿ ಕಾಡಂಚಿಗೆ ಹೋಗಿ, ತರಗೆಲೆ ಗುಡಿಸಿ ಚೀಲ ತುಂಬಿ ತರುತ್ತಿದ್ದರು.

ನಮ್ಮ ಜಿಲ್ಲೆಯವರಿಗೆ ಮುಂದಿನದನ್ನು ವಿವರಿಸಬೇಕೆ? ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಆ ಎಲೆಗಳ ಅಡಿಯಲ್ಲಿ ಉಣುಗಿನ ಮರಿಗಳು. ರಕ್ತ ಹೀರುವ ಹುಳ, ಸಾಸಿವೆಗಿಂತ ಸಣ್ಣವು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಂಗನ ಕಾಯಿಲೆ ಹರಡುವುದು ಇವುಗಳಿಂದ, ಕೆಟ್ಟ ಹೆಸರು ಮಾತ್ರ ಪಾಪದ ಮಂಗನಿಗೆ.

ಭಾವನಿಗೆ ಎಚ್ಚರಿಕೆ ಹೇಳಿದ್ದೆ. "ನಾನೇನು ಮಂಗನ ಜೊತೆ ಸಂಸಾರ ಮಾಡ್ತೀನೇನೋ ಮಾರಾಯ?" ಎಂದು ನಕ್ಕರು. ನಾನು ಬಿಡಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುವ ಉಣುಗಿನ ಎಣ್ಣೆ ತಂದುಕೊಟ್ಟೆ. ಹೊರಡುವ ಮುಂಚೆ ಕೈಕಾಲಿಗೆ, ಕತ್ತಿಗೆ ಹಚ್ಚಿ. ತುಂಬುತೋಳಿನ ಅಂಗಿ ಹಾಕಿ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸಿಕ್ಕಿಸಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ತಿಕ್ಕಿ ಸ್ನಾನ ಮಾಡಿ. ಪೂರ್ತಿ ಭಾಷಣ! ಇದೇ ಅಂಕಣದಲ್ಲೂ ಕೊರೆದಿದ್ದೆ, ನಿಮಗೆ ನೆನಪಿರಬಹುದು.

ಮುಂದಿನ ತಿಂಗಳು ಹೋದಾಗ ಬಾಟಲಿ ಖಾಲಿ. ನನಗೆ ಹಿಗ್ಗೋ ಹಿಗ್ಗು. ಶಿವಮೊಗ್ಗದ ರಾಗಿಗುಡ್ಡದ ನಮ್ಮ ಮನೆಗೆ ಬಂದವನೇ ಹೆಂಡತಿಯ ಮುಂದೆ ಕೊಚ್ಚಿಕೊಂಡೆ: "ನೋಡು, ಭಾವನಂಥವರೂ ನನ್ನ ಮಾತು ಕೇಳ್ತಾರೆ." ಇನ್ನೊಂದು ಬಾಟಲಿ ಕಳಿಸಿದೆ. ಅದೂ ಖಾಲಿಯಾಯಿತು.

ಆಮೇಲೆ ಜ್ವರ ಬಂತು. ತಲೆನೋವು, ಸೊಂಟನೋವು. ವೈರಲ್ ಇರಬೇಕೆಂದು ಮಾತ್ರೆ ನುಂಗುತ್ತಾ ಮೂರು ದಿನ ಕಳೆದರು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರ್ ಕೇಳಿದರು: "ಎಣ್ಣೆ ಹಚ್ಕೊಳ್ತಿದ್ರಾ?" ನಾನು ಎದೆಯುಬ್ಬಿಸಿ ಹೇಳಿದೆ: "ಎರಡು ಬಾಟಲಿ ಖಾಲಿ ಮಾಡಿದಾರೆ ಸಾರ್." ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆಯೇ ಎಂದು ಬಂತು. ಭಾವ ಉಳಿಯಲಿಲ್ಲ.

ಅಂದಿನಿಂದ ನಾನು ಬೈದದ್ದೆಲ್ಲ ಆ ಎಣ್ಣೆಗೆ. ಕಳಪೆ ಮಾಲು, ನೀರು ಬೆರೆಸಿರುತ್ತಾರೆ ಎಂದು ಸಿಕ್ಕವರಿಗೆಲ್ಲ ಹೇಳಿದೆ. (ನನ್ನ ಮಾತು ನಂಬಿ ಎಷ್ಟು ಜನ ಹಚ್ಚುವುದನ್ನು ಬಿಟ್ಟರೋ. ಆ ಪಾಪವೂ ನನ್ನ ತಲೆಗೇ.)

ಈಗ ಮತ್ತೆ ಉಣುಗಿನ ಕಾಲ. ಅಕ್ಕ ಪಕ್ಕದ ಮನೆಯವರ ಜೊತೆ ತಾನೇ ತರಗೆಲೆಗೆ ಹೋಗುತ್ತಿದ್ದಾಳೆಂದು ತಿಳಿಯಿತು. ಇಲ್ಲದ್ದಕ್ಕಿಂತ ಇದ್ದದ್ದು ವಾಸಿ ಎಂದು ಭಾನುವಾರ ಒಂದು ಬಾಟಲಿ ಹಿಡಿದು ಹೋದೆ. ಅಕ್ಕ ಅದನ್ನು ಇಸಿದುಕೊಂಡವಳೇ ಸೀದಾ ಹಿತ್ತಲಿಗೆ ನಡೆದಳು. ಅಂಗೈಗೆ ಸುರಿದುಕೊಂಡು ಚಂದ್ರಿಯ ಕಿವಿಯ ಹಿಂದೆ ತಿಕ್ಕತೊಡಗಿದಳು.

"ಏನ್ಮಾಡ್ತಿದೀಯ ಮಾರಾಯ್ತಿ! ಬುದ್ಧಿ ಇದೆಯಾ ನಿಂಗೆ? ಅದು ಮನುಷ್ಯರಿಗೆ ಕೊಡೋ ಎಣ್ಣೆ!" ಎಂದು ಕೂಗಾಡಿದೆ.

ಅಕ್ಕ ಬೆಪ್ಪಾಗಿ ನನ್ನನ್ನೇ ನೋಡಿದಳು. "ನಿನ್ನ ಭಾವ ಇದಕ್ಕೇ ಅಲ್ವೇನೋ ಹಚ್ತಿದ್ದಿದ್ದು? ನಂಗಾದ್ರೆ ಕೈ ಇದಾವೆ, ಕಿತ್ತು ಬಿಸಾಕ್ತೀನಿ, ಇದು ಏನ್ಮಾಡುತ್ತೆ ಪಾಪ ಅಂತಿದ್ರು."

ಅಲ್ಲೇ ತರಗೆಲೆ ಚೀಲದ ಪಕ್ಕ ಕೂತುಬಿಟ್ಟೆ. ಎರಡು ಬಾಟಲಿ! ಒಂದು ಹನಿಯೂ ಅವರ ಮೈಗೆ ಬಿದ್ದಿರಲಿಲ್ಲ. ಹಸುವಿನ ಉಣುಗಿಗೆ ಬೇರೆ ಔಷಧಿ ಇದೆ, ದನದ ಆಸ್ಪತ್ರೆಯಲ್ಲಿ ಕೇಳಿದರೆ ಸಾಕು. ಆ ಒಂದು ಮಾತು ನಾನು ಹೇಳಿದ್ದೆನೆ? ಕತ್ತು, ತೋಳು, ಸಾಕ್ಸ್ ಎಂದು ಭಾವನ ಮೈಯನ್ನೆಲ್ಲ ಎಣಿಸಿದ್ದೆ. ಅವರ ಜೀವ ಇದ್ದದ್ದು ಕೊಟ್ಟಿಗೆಯಲ್ಲಿ. ಬುದ್ಧಿ ಹೇಳುವ ನಮ್ಮಂಥವರ ಹಣೆಬರಹವೇ ಇಷ್ಟು. ನಿನಗೆ ಯಾವುದರ ಚಿಂತೆ ಎಂದು ಕೇಳುವ ವ್ಯವಧಾನ ನಮಗಿಲ್ಲ. ಅತ್ತುಬಿಟ್ಟೆ. ಹಸುವಿನ ಮುಂದೆ ಕೂತು ಗಂಡಸೊಬ್ಬ ಅಳುವುದನ್ನು ನೀವು ನೋಡಿರಲಿಕ್ಕಿಲ್ಲ.

"ಇನ್ಮೇಲೆ ತರಗೆಲೆಗೆ ಹೋಗ್ಬೇಡ. ಭತ್ತದ ಹುಲ್ಲು ಹಾಸಿದ್ರಾಯ್ತು" ಎಂದೆ.

"ಹುಲ್ಲು ಹಾಸಿದ್ರೆ ತಿಂದ್ಬಿಡುತ್ತೆ ಕಣೋ ಅದು" ಎಂದಳು. ಇಬ್ಬರಿಗೂ ನಗು ಬಂತು, ನಿಲ್ಲಲಿಲ್ಲ.

ಅವಳನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿದೆ. ಹೇಗೆ ಹಚ್ಚಬೇಕೆಂದು ತೋರಿಸುವ ನೆವ. ಎಣ್ಣೆ ಸುರಿದು ಪಾದಕ್ಕೆ, ಮೀನಖಂಡಕ್ಕೆ ತಿಕ್ಕಿದೆ. ಹಿಮ್ಮಡಿಯೆಲ್ಲ ಒಡೆದಿತ್ತು. "ಬಿಡೋ, ನಾನೇ ಹಚ್ಕೊಳ್ತೀನಿ" ಎಂದು ಕಾಲೆಳೆದುಕೊಂಡಳು. ನಾನು ಬಿಡಲಿಲ್ಲ. ಆಮೇಲೆ ಇನ್ನೊಂದು ಕಾಲನ್ನು ತಾನೇ ಮುಂದೆ ಚಾಚಿದಳು.

ಆ ಕಾಲಿಗೂ ತಿಕ್ಕುತ್ತಿದ್ದಾಗ ಅಕ್ಕ ಕೇಳಿದಳು: "ಅವ್ರು ಚಂದ್ರಿಗೆ ಹಚ್ತಿದ್ದಾಗೆಲ್ಲ ನಾನು ಇಲ್ಲೇ ನಿಂತು ನೋಡ್ತಿದ್ದೆ. ಅವ್ರ ಕಾಲಿಗೂ ಒಂದ್ಚೂರು ಹಚ್ಚೋಣ ಅಂತ ನಂಗ್ಯಾಕೆ ಹೊಳೀಲಿಲ್ಲ, ಹೇಳೋ?"