ಮೇಷ್ಟ್ರು ಬಚ್ಚಿಟ್ಟ ಚುಕ್ಕಿಗಳ ನಡುವೆ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ರೇಣುಕಾ. ಎರಡು ಸಾವಿರದ ಏಳೋ ಎಂಟೋ ಇರಬೇಕು. ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ, ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಹಾಲಿನಲ್ಲಿ.

ಅವಳು ಹೇಳಿದ್ದು ಅರ್ಧ ಕತೆ ಮಾತ್ರ. ಉಳಿದರ್ಧ ಇನ್ನೂ ನಡೆದಿರಲಿಲ್ಲ...

ರೇಣುಕಾ ಗದಗಿನ ಕಡೆಯವಳು, ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದಳು. ಆಕಾಶದ ಫೋಟೋಗಳಲ್ಲಿ ಹೊಸದಾಗಿ ಹೊತ್ತಿಕೊಂಡ ನಕ್ಷತ್ರಗಳನ್ನು ಕಂಪ್ಯೂಟರಿನಿಂದ ಹುಡುಕಿಸುವುದು ಅವಳ ಪಿಎಚ್.ಡಿ. ಕೆಲಸ.

ನಮಗೆ ಆಕಾಶ ಅಂದರೆ ಮಳೆ ಬರುತ್ತೋ ಇಲ್ಲವೋ, ಅಷ್ಟೇ. ಲೇಔಟ್ ಆಗುವ ಮೊದಲು ಇದೇ ನೆಲದಲ್ಲಿ ರಾಗಿ ಬೆಳೆದವರು ನಾವು.

ಅವತ್ತು ಇಳಿದು ಬಂದವಳು ಸೋಫಾದ ತುದಿಯಲ್ಲಿ ಕೂತಳು. ಅಮ್ಮ ಮಜ್ಜಿಗೆ ಕೊಟ್ಟಳು. ಲೋಟ ಹಿಡಿದೇ ಕೂತಿದ್ದಾಳೆ, ಕುಡಿಯುತ್ತಿಲ್ಲ.

"ಏನಮ್ಮ, ಊರಿಂದ ಫೋನ್ ಏನಾದ್ರೂ ಬಂತಾ?" ಅಂದರು ಅಪ್ಪ.

"ಇಲ್ರಿ ಅಂಕಲ್. ಒಂದು ಚುಕ್ಕಿ ಸಿಕ್ಕೈತ್ರಿ. ಖರೇನೋ ಸುಳ್ಳೋ ತಿಳೀವಲ್ದು."

ನಮ್ಮಜ್ಜಿ ಕತೆ ಹೇಳುವಾಗ ಕೇಳುವವರು ಹೂಂ ಅನ್ನಬೇಕಿತ್ತು, ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಆ ಅಭ್ಯಾಸದಲ್ಲಿ ನಾನು ಹೂಂ ಅನ್ನುತ್ತಾ ಹೋದೆ, ರೇಣುಕಾ ಹೇಳುತ್ತಾ ಹೋದಳು.

ಇವತ್ತಿನ ಫೋಟೋದಿಂದ ಹಳೆಯ ಫೋಟೋವನ್ನು ಕಳೆದರೆ ಹೊಸದಾಗಿ ಬಂದದ್ದು ಮಾತ್ರ ಉಳಿಯಬೇಕು. ಆದರೆ ಉಳಿಯುವುದು ರಾಶಿ ರಾಶಿ ಕಸ. ಕ್ಯಾಮೆರಾದ ಕಲೆ, ಉಪಗ್ರಹದ ಗೆರೆ, ಸರಿಯಾಗಿ ಕೂಡದ ಅಂಚು... ಆ ರಾಶಿಯಲ್ಲಿ ಎಲ್ಲೋ ಅಪರೂಪಕ್ಕೆ ಒಂದು, ಸಿಡಿದು ಸಾಯುತ್ತಿರುವ ನಿಜವಾದ ನಕ್ಷತ್ರ.

ಕಸ ಯಾವುದು, ನಕ್ಷತ್ರ ಯಾವುದು ಎಂದು ಕಂಪ್ಯೂಟರಿಗೆ ಉದಾಹರಣೆ ತೋರಿಸಿ ತೋರಿಸಿ ಕಲಿಸಬೇಕು. ಕಸಕ್ಕೇನು ಬರವಿಲ್ಲ. ನಿಜವಾದದ್ದಕ್ಕೆ ಬರ.

ಹಾಗಾಗಿ ಅವಳು ಏನು ಮಾಡಿದ್ದಳು ಗೊತ್ತೆ? ಫೋಟೋಗಳಲ್ಲಿ ತಾನೇ ಸುಳ್ಳು ನಕ್ಷತ್ರಗಳನ್ನು ನೆಟ್ಟು, ಇಂಥದ್ದನ್ನು ಹುಡುಕು ಎಂದು ಕಲಿಸಿದ್ದಳು.

ಕಂಪ್ಯೂಟರ್ ಕಲಿಯಿತು. ಅವಳ ಗೈಡ್‌ಗೆ ಮಾತ್ರ ಪೂರ್ತಿ ನಂಬಿಕೆ ಬರಲಿಲ್ಲ. ಪರೀಕ್ಷೆ ಮಾಡೋಣವೆಂದು, ಸುಳ್ಳು ನಕ್ಷತ್ರ ನೆಡುವ ಅವಳ ಪ್ರೋಗ್ರಾಂ ಇಸಿದುಕೊಂಡು, ಆ ವಾರದ ಫೋಟೋಗಳಲ್ಲಿ ಅವಳಿಗೆ ಹೇಳದೆ ತಾವೂ ಒಂದಷ್ಟು ಸುಳ್ಳು ನಕ್ಷತ್ರ ಬಚ್ಚಿಟ್ಟರು. ಬಚ್ಚಿಟ್ಟು ಅಮೆರಿಕದ ವಿಮಾನ ಹತ್ತಿದರು!

"ಬಚ್ಚಿಡೋರೂ ಮೇಷ್ಟ್ರೇ, ಹುಡುಕು ಅನ್ನೋರೂ ಮೇಷ್ಟ್ರೇ. ಕಣ್ಣಾಮುಚ್ಚಾಲೆ ಆಡೋಕೆ ಪಿಎಚ್.ಡಿ. ಬೇಕಾ?" ಅಪ್ಪ ನಕ್ಕರು. ರೇಣುಕಾ ನಗಲಿಲ್ಲ.

ಬೆಟ್ಟದ ಮೇಲಿನ ದೊಡ್ಡ ಟೆಲಿಸ್ಕೋಪಿನವರಿಗೆ ಸಂಜೆಯೊಳಗೆ ಫೋನ್ ಮಾಡಿದರೆ ಅವತ್ತೇ ರಾತ್ರಿ ಅತ್ತ ತಿರುಗಿಸಿ ನೋಡುತ್ತಾರೆ. ಇಂಥವನ್ನು ಸಿಡಿದ ಮೊದಲ ದಿನಗಳಲ್ಲೇ ನೋಡಬೇಕು. ತಡವಾದರೆ ಊಟ ಮುಗಿದ ಮೇಲೆ ಛತ್ರಕ್ಕೆ ಹೋದಂತೆ.

ಆದರೆ ಅವಳಿಗೆ ಸಿಕ್ಕ ಚುಕ್ಕಿ ಸರ್ ಬಚ್ಚಿಟ್ಟದ್ದೇ ಆಗಿದ್ದರೆ? ಬೇರೆ ಯಾರದೋ ಒಂದು ರಾತ್ರಿಯ ಕೆಲಸ ಹಾಳು. ಅವಳ ಪ್ರೋಗ್ರಾಂಗೆ ಅಲ್ಲಿಗೆ ಮಂಗಳ. ಕಂಪ್ಯೂಟರ್ ಬೇಡ, ಕಣ್ಣಲ್ಲೇ ಹುಡುಕುವುದು ವಾಸಿ ಅನ್ನುವವರು ಅವಳ ಡಿಪಾರ್ಟ್‌ಮೆಂಟಿನಲ್ಲಿ ಮೊದಲೇ ಇದ್ದರು.

"ಅನುಮಾನ ಇದ್ರೆ ಬಿಡಮ್ಮ. ನಿಮ್ ಸಾರ್ ವಿಮಾನ ಇಳಿದ್ಮೇಲೆ ಕೇಳಿದ್ರಾಯ್ತು," ಅಂದಳು ಅಮ್ಮ.

"ಅನುಮಾನ ಕಂಪ್ಯೂಟರಿಗೂ ಐತ್ರಿ ಆಂಟಿ. ಇದಕ್ಕ ಬರೇ ಪಾಸ್ ಮಾರ್ಕ್ಸ್ ಕೊಟ್ಟೈತಿ."

"ಬೇರೆಯವಕ್ಕೆ?" ಅಂದೆ ನಾನು. ಹೂಂ ಅಂದು ಅಂದು ಬೇಸರವಾಗಿತ್ತು, ಅದಕ್ಕೆ ಕೇಳಿದ್ದು ಅಷ್ಟೇ.

"ನಾ ನೆಟ್ಟವಕ್ಕೆಲ್ಲಾ ಫಸ್ಟ್ ಕ್ಲಾಸ್..." ಅಂದವಳು ಮಾತು ನಿಲ್ಲಿಸಿದಳು. ಲೋಟವನ್ನು ಟೀಪಾಯಿಯ ಮೇಲಿಟ್ಟಳು.

ಆಮೇಲೆ ಅವಳು ನಮಗೆ ಹೇಳಿದಳೋ, ತನಗೇ ಹೇಳಿಕೊಂಡಳೋ... ಸರ್ ಬಚ್ಚಿಟ್ಟವೂ ಅವಳ ಪ್ರೋಗ್ರಾಮಿನ ಅಚ್ಚಿನಲ್ಲೇ ಆದವು. ದುಂಡಗೆ, ಚೊಕ್ಕವಾಗಿ. ಆ ಅಚ್ಚನ್ನೇ ನೋಡಿ ಕಲಿತ ಕಂಪ್ಯೂಟರ್ ಅವನ್ನು ಅನುಮಾನಿಸುವುದೇ ಇಲ್ಲ. ಇದೊಂದನ್ನು ಅದು ತಡವರಿಸಿ ಒಪ್ಪಿದೆ.

"ಸುಳ್ಳು ಚುಕ್ಕಿ ಇಷ್ಟು ಸೊಟ್ಟ ಇರಂಗಿಲ್ರಿ ಅಂಕಲ್. ಇದು ಖರೇದ್ದು."

ನಮ್ಮ ಮನೆಯ ಲ್ಯಾಂಡ್‌ಲೈನಿನಿಂದಲೇ ಫೋನ್ ಮಾಡಿದಳು. ಆ ಕಡೆಯವರ ಧ್ವನಿ ನಮಗೂ ಕೇಳುವಷ್ಟು ಜೋರಾಗಿತ್ತು. "ನಿಮ್ಮ ಗೈಡ್ ಒಪ್ಪಿದಾರೇನಮ್ಮ?"

"ಇಲ್ಲ ಸಾರ್, ಅವರು ಸಿಗವಲ್ರು. ನಾನ ಹೇಳಾಕತ್ತೀನಿ. ತಪ್ಪಾದ್ರ ನನ್ನ ಹೆಸರು ಹೇಳ್ರಿ."

ಆ ಕಡೆ ಕಾಗದ ಸರಿಸಿದ ಸದ್ದು. ಆಮೇಲೆ, "ಸರಿ, ಎಲ್ಲಿದೆ ಹೇಳಿ."

ಆ ರಾತ್ರಿ ಅಮ್ಮ ಮಲಗುವ ಮುಂಚೆ ದೇವರ ಮನೆಯಲ್ಲಿ ನಿಂತು, ಬೆಟ್ಟದ ಮೇಲೆ ಮೋಡ ಬರದಿರಲಿ ಎಂದು ಕೈಮುಗಿದಳು. ನಮ್ಮ ವಂಶದಲ್ಲಿ ಮೋಡ ಬೇಡ ಎಂದು ಬೇಡಿಕೊಂಡದ್ದು ಅದೇ ಮೊದಲಿರಬೇಕು.

ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಫೋನ್ ಬಂತು. ರೇಣುಕಾ ಓಡಿ ಇಳಿದು ಬಂದಳು. ಹೌದ್ರಿ, ಹೌದ್ರಿ ಅಂದಳು. ರಿಸೀವರ್ ಇಟ್ಟಳು.

"ಐತ್ರಿ ಆಂಟಿ! ಮೊದಲಿಗಿಂತ ಜಾಸ್ತಿ ಬೆಳಗಾಕತ್ತೈತಿ!"

ಅಪ್ಪ ಕಾಫಿಗೂ ಕಾಯದೆ ಸ್ಕೂಟರ್ ತೆಗೆದರು. "ಹತ್ತಮ್ಮ, ಹತ್ತು. ನಿಮ್ ಮೇಷ್ಟ್ರು ಫೋನ್ ಮಾಡಿದಾಗ ನೀನು ಡಿಪಾರ್ಟ್‌ಮೆಂಟಲ್ಲಿರ್ಬೇಕು."

"ಈಗ ಎಲ್ಲಿರುತ್ತೆ ಆ ಚುಕ್ಕಿ?" ಅಂತ ಅಮ್ಮ ಗೇಟಿನವರೆಗೂ ಹೋಗಿ ಕೇಳಿದಳು.

"ಕೆಂಗೇರಿ ಕಡೆ ಇಳಿಯಾಕತ್ತಿರ್ತೈತ್ರಿ. ಆದ್ರ ರಾತ್ರಿನೂ ಬರೇ ಕಣ್ಣಿಗೆ ಕಾಣಂಗಿಲ್ಲ, ಈಗಂತೂ ಮುಗೀತು."

ಸ್ಕೂಟರ್ ತಿರುವು ದಾಟಿತು. ನಾನೂ ಅಮ್ಮನೂ ಸೀದಾ ತಾರಸಿ ಹತ್ತಿದೆವು. ಕೆಂಗೇರಿ ಕಡೆಯ ಆಕಾಶ ತೊಳೆದಿಟ್ಟಂತಿದೆ. ಏನೂ ಇಲ್ಲ. ನೋಡುತ್ತಲೇ ನಿಂತಿದ್ದೇವೆ.

ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಆಂಟಿ ಕೇಳಿದರು, "ಏನ್ರೀ ಅದು, ವಿಮಾನನಾ?"

"ಅಲ್ಲ ಕಣ್ರೀ. ನಮ್ ರೇಣುಕಂದು," ಅಂದಳು ಅಮ್ಮ.

ಆಕೆಯೂ ಒದ್ದೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ಕೆಂಗೇರಿಯ ಕಡೆಗೇ ನೋಡುತ್ತ ನಿಂತರು.